ಲಕ್ವಾ ಒಂದೇ ಏಟಿಗೆ ಮುಗಿಯುವುದಿಲ್ಲ

ಬೆಳಿಗ್ಗೆ ಏಳಕ್ಕೆ ಭಾಲ್ಕಿಯ ನಮ್ಮ ದೊಡ್ಡಮ್ಮನ ಕೈಯಿಂದ ಚಹಾದ ಕಪ್ಪು ಜಾರಿತು. ಬಲಗೈ ಸ್ವಲ್ಪ ಜೋಮು, ಅಷ್ಟೇ. ಯಾರೋ ಎಣ್ಣೆ ತಿಕ್ಕಿದರು. ಮಧ್ಯಾಹ್ನ ಮಾತು ತೊದಲಿತು. ಸಂಜೆಗೆ ಕಾಲೂ ಏಳಲಿಲ್ಲ. ಲಕ್ವಾ ಹೊಡೆಯಿತು ಅಂತೀವಿ, ಸಿಡಿಲು ಹೊಡೆದ ಹಾಗೆ. ಆದರೆ ಅವತ್ತು ಅದು ಹೊಡೆದು ಹೋಗಲಿಲ್ಲ, ದಿನವಿಡೀ ನಡೆಯುತ್ತಲೇ ಇತ್ತು.

ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದಡಿ ಹರಿಯುವ ನೀರಿನ ಸುರಂಗ, ಮೇಲೆ ಬಾವಿಯಂಥ ಕಂಡಿಗಳ ಸಾಲು. ಒಳಗೆ ಮಣ್ಣು ಕುಸಿದರೆ ಮುಂದಿನ ತೋಟಕ್ಕೆ ನೀರಿಲ್ಲ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಾಗಲೂ ಹೀಗೆಯೇ. ನಡುವಿನ ಭಾಗ ಬೇಗ ಸಾಯುತ್ತದೆ. ಸುತ್ತಲಿನದು ಬಾಡಿದ ಪೈರಿನಂತೆ, ಕೆಲಸ ನಿಲ್ಲಿಸಿರುತ್ತದೆ, ಆದರೆ ಜೀವ ಇರುತ್ತದೆ. ಪಕ್ಕದ ಸಣ್ಣ ನಾಳಗಳು ಕೊಡುವ ರಕ್ತದ ಮೇಲೆ ಅದು ಉಸಿರು ಹಿಡಿದಿರುತ್ತದೆ. ಬಿಪಿ ಕುಸಿದರೆ, ಹೆಪ್ಪು ಬೆಳೆದರೆ ಅದೂ ಹೋಗುತ್ತದೆ. ದೊಡ್ಡ ನಾಳ ಮುಚ್ಚಿದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಅಮೆರಿಕದ ನರವೈದ್ಯ ಜೆಫ್ರಿ ಸೇವರ್ ಲೆಕ್ಕ ಹಾಕಿದರು.

ಕಂಡಿಯಲ್ಲಿ ಇಣುಕಿ ನೋಡುವುದೇ ಸ್ಕ್ಯಾನ್. ಸಿಟಿ ಮೊದಲು ಹೇಳುವುದು ರಕ್ತಸ್ರಾವ ಇದೆಯೇ ಅಂತ. ಇದ್ದರೆ ಹೆಪ್ಪು ಕರಗಿಸುವ ಔಷಧ ಪ್ರಾಣಕ್ಕೇ ಅಪಾಯ. ಒಂದು ಮಾತು ನೆನಪಿಡಿ: ಹೆಪ್ಪಿನ ಲಕ್ವಾದಲ್ಲಿ ಮೊದಲ ಗಂಟೆಗಳ ಸಿಟಿ ಸ್ವಚ್ಛವಾಗಿಯೇ ಕಾಣಬಹುದು. 'ಸಿಟಿ ನಾರ್ಮಲ್ ಬಂತು' ಅಂತ ಮನೆಗೆ ಹೊರಟುಬಿಡಬಾರದು. ಎಂಆರ್‌ಐನಲ್ಲಿ ಡಿಫ್ಯೂಶನ್ ಎಂಬ ಬಗೆಯಿದೆ. ಉಬ್ಬಿದ ಕೋಶಗಳಲ್ಲಿ ನೀರಿನ ಕಣಗಳ ಓಡಾಟ ತಗ್ಗುತ್ತದೆ, ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಪರ್ಫ್ಯೂಶನ್ ಸ್ಕ್ಯಾನ್ ರಕ್ತ ಎಲ್ಲಿ ನಿಧಾನವಾಗಿದೆ ಅಂತ ತೋರಿಸುತ್ತದೆ. ರಕ್ತ ಕಡಿಮೆಯಾದ ಜಾಗ ದೊಡ್ಡದು, ಬೆಳ್ಳಗಾದದ್ದು ಚಿಕ್ಕದು ಅಂದರೆ ಉಳಿಸಲು ಇನ್ನೂ ಮಿದುಳಿದೆ ಅಂತ, ಅಲ್ವಾ? ರೋಗಿಯ ತೊಂದರೆ ದೊಡ್ಡದು, ಸ್ಕ್ಯಾನಿನಲ್ಲಿ ಸತ್ತ ಜಾಗ ಚಿಕ್ಕದು ಎಂಬ ಅಂತರ ನೋಡಿ ಆರಿಸಿದ ರೋಗಿಗಳಿಗೆ 24 ಗಂಟೆಯವರೆಗೂ ಹೆಪ್ಪನ್ನು ಎಳೆದು ತೆಗೆಯಬಹುದು ಎಂದು 2018ರಲ್ಲಿ ಡಾನ್ (DAWN) ಎಂಬ ಅಧ್ಯಯನ ತೋರಿಸಿತು.

ರಕ್ತ ಪರೀಕ್ಷೆ ಕರೇಜಿನ ಬಾಯಿಯಲ್ಲಿ ನಿಂತು ನೀರು ನೋಡಿದಂತೆ. ಕೆಸರು ಬಂದರೆ ಒಳಗೆ ಏನೋ ಕುಸಿದಿದೆ, ಎಲ್ಲಿ ಅಂತ ಗೊತ್ತಾಗದು. ಜಿಎಫ್‌ಎಪಿ ಎಂಬ ಪ್ರೋಟೀನ್ ಮಿದುಳಿನ ಆಸರೆ ಕೋಶಗಳದ್ದು. ರಕ್ತಸ್ರಾವದಲ್ಲಿ ಅದು ಬೇಗ ಏರುತ್ತದೆ, ಹೆಪ್ಪಿನಲ್ಲಿ ನಿಧಾನ. ನರತಂತುಗಳಿಂದ ಸೋರುವ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನ್ ಏರಲು ದಿನಗಳೇ ಬೇಕು, ಎಷ್ಟು ಹಾಳಾಯಿತು ಅನ್ನುವುದಕ್ಕೆ ಅದು ಸುಳಿವು. ರಕ್ತಕಣ ಎಣಿಸುವ ಸಾಮಾನ್ಯ ಸಿಬಿಸಿ ಪರೀಕ್ಷೆಯಲ್ಲೇ ಸಿಗುವ, ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತ ಜಾಸ್ತಿಯಿದ್ದವರು ಹದಗೆಡುವುದೂ ಹೆಚ್ಚು. ಆದರೆ ಅದು ಸುಮ್ನೆ ಒಂದು ಸೋಂಕಿಗೂ ಏರುತ್ತದೆ. ಹೃದಯಾಘಾತ ಹಿಡಿಯಲು ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆ ಇದ್ದಂತೆ ಲಕ್ವಾಕ್ಕೆ ಇನ್ನೂ ಒಂದು ಪರೀಕ್ಷೆ ಇಲ್ಲ. ಕರಗಿಸುವ ಔಷಧಕ್ಕೆ ಮುಂಚೆ ಎಲ್ಲರಿಗೂ ಆಗಲೇಬೇಕಾದ ರಕ್ತ ಪರೀಕ್ಷೆ ಸಕ್ಕರೆಯದ್ದು. ಸಕ್ಕರೆ ತೀರಾ ಇಳಿದರೂ ಲಕ್ವಾದಂತೆಯೇ ಕಾಣುತ್ತದೆ.

ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು, ಕೊನೆಗೆ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅಂತ. ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ನಾವು ತಲುಪಿದ್ದು ಸಂಜೆ ಆರೂವರೆಗೆ. ಆ ರಾತ್ರಿಯೆಲ್ಲ ನರ್ಸ್ ಮತ್ತೆ ಮತ್ತೆ ಬಂದು, 'ಕೈ ಎತ್ತಿ ಹಿಡೀರಿ ಅಮ್ಮಾ, ಹತ್ತು ಎಣಿಸ್ತೀನಿ' ಅನ್ನುತ್ತಿದ್ದರು. ಹತ್ತರೊಳಗೆ ಕೈ ಎಷ್ಟು ಇಳಿಯಿತು ಅಂತ ಬರೆದುಕೊಳ್ಳುತ್ತಿದ್ದರು.