ಕಷಾಯಕ್ಕೆ ತಟ್ಟೆ ಮುಚ್ಚಿ

ದಸರಾ ಮುಗ್ದು ಮೈಸೂರಲ್ಲಿ ಬೆಳಗಿನ ಚಳಿ ಶುರುವಾಯ್ತು ಅಂದ್ರೆ ನಮ್ಮನೇಲಿ ಒಬ್ಬರಾದ್ಮೇಲೆ ಒಬ್ಬರಿಗೆ ಮೂಗು ಸೋರೋದು ಗ್ಯಾರಂಟಿ. ದೇವರಾಜ ಮಾರ್ಕೆಟ್ ಹತ್ರ ಗ್ರಂಥಿಗೆ ಅಂಗಡಿಗೆ ಹೋಗಿ ಒಣಶುಂಠಿ, ಮೆಣಸು, ಜೇಷ್ಠಮಧು ಕಟ್ಟಿಸ್ಕೊಂಡು ಬರ್ತೀನಿ, ದೊಡ್ಡಪತ್ರೆ ಹೇಗೂ ಕುಂಡದಲ್ಲೇ ಇದೆ. ಮಂಡ್ಯದ ನಮ್ಮಜ್ಜಿ ಕಷಾಯ ಇಟ್ಟಾಗೆಲ್ಲ ಒಂದೇ ಮಾತು, "ತಟ್ಟೆ ಮುಚ್ಚಲಾ, ಘಮ ಎಲ್ಲಾ ಹೊಂಟೋಯ್ತದೆ." ಘಮ ಹೋದ್ರೆ ಹೋಗ್ಲಿ ಬಿಡಜ್ಜಿ ಅಂತಿದ್ದೆ.

ಆದ್ರೆ ದೊಡ್ಡಪತ್ರೇಲಿ ಇರೋ ವಿಷಯಾನೇ ಆ ಘಮ. ಕಾರ್ವಕ್ರಾಲ್, ಥೈಮಾಲ್ ಅನ್ನೋ ಎಣ್ಣೆ ಅಂಶಗಳು ಅವು (ಓಂಕಾಳಲ್ಲೂ ಥೈಮಾಲ್ ಇದೆ, ಅದಕ್ಕೇ ಎರಡರ ವಾಸನೇನೂ ಅಣ್ತಮ್ಮಂದಿರ ಥರ), ನೀರಿನ ಹಬೆ ಜೊತೆ ಸಲೀಸಾಗಿ ಹಾರೋಗ್ತವೆ. ತಟ್ಟೆ ಇದ್ರೆ ಹಬೆ ಅದಕ್ಕೆ ತಾಗಿ ತಣ್ಣಗಾಗಿ ಹನಿಯಾಗಿ ವಾಪಸ್ ಪಾತ್ರೆಗೇ ಬೀಳುತ್ತೆ. ಶುಂಠಿ ಲೆಕ್ಕ ಬೇರೆ. ಒಣಗಿಸಿದಾಗ, ಕಾಯಿಸಿದಾಗ ಅದರ ಜಿಂಜರಾಲ್ ನೀರಿನಂಶ ಕಳ್ಕೊಂಡು ಶೋಗಾಲ್ ಆಗುತ್ತೆ, ಖಾರ ಇನ್ನೂ ಜಾಸ್ತಿ. ಒಣಶುಂಠಿ ಗಂಟಲಲ್ಲಿ ಹಂಗೆ ಕಚ್ಚೋದು ಇದಕ್ಕೇ.

ಸರಿ, ಇದು ವೈರಸ್‌ನ ಸಾಯಿಸುತ್ತಾ? ಇಲ್ಲ. ನೆಗಡಿ ತರೋ ರೈನೋವೈರಸ್‌ಗಳಲ್ಲೇ ನೂರಕ್ಕೂ ಹೆಚ್ಚು ಬಗೆ, ಅವು ಕೂತಿರೋದು ಮೂಗಿನ ಜೀವಕೋಶದೊಳಗೆ, ಕಷಾಯ ಹೋಗೋದು ಹೊಟ್ಟೆಗೆ. ಕಷಾಯ ಮಾತಾಡೋದು ನಮ್ಮ ನರಗಳ ಜೊತೆ. ಸುಮಾರು 43 ಡಿಗ್ರಿ ಬಿಸಿಗೆ ತೆರ್ಕೊಳ್ಳೋ ಟಿಆರ್‌ಪಿವಿ1 ಅನ್ನೋ ಬಾಗಿಲೊಂದು ನರದ ತುದೀಲಿದೆ, 1997ರಲ್ಲಿ ಡೇವಿಡ್ ಜೂಲಿಯಸ್ ತಂಡ ಅದನ್ನ ಹುಡುಕಿದ್ದು, 2021ರಲ್ಲಿ ಅವರಿಗೆ ನೊಬೆಲ್ಲೂ ಬಂತು. ಮೆಣಸಿನಕಾಯಿ, ಕಾಳುಮೆಣಸು, ಶುಂಠಿ ಮೂರರ ಖಾರವೂ ಇದೇ ಬಾಗಿಲು ತಟ್ಟೋದು. ನರ 'ಸುಡ್ತಿದೆ' ಅಂತ ಕೂಗುತ್ತೆ, ಮೂಗಲ್ಲಿ ಬಾಯಲ್ಲಿ ನೀರು ಬರುತ್ತೆ, ಕಟ್ಟಿದ್ದು ಸಡಿಲಾಗುತ್ತೆ.

ಬರೀ ಬಿಸಿಗೂ ಪಾಲಿದೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 2008ರಲ್ಲಿ ನೆಗಡಿಯಾದ 30 ಜನರಿಗೆ ಒಂದೇ ಹಣ್ಣಿನ ಪಾನೀಯನ ಕೆಲವರಿಗೆ ಬಿಸಿ, ಕೆಲವರಿಗೆ ಮಾಮೂಲಿ ಕೊಟ್ಟು ನೋಡಿದ್ರು. ಗಂಟಲು ನೋವು, ಚಳಿ, ಸುಸ್ತು ಕಮ್ಮಿಯಾಗಿದ್ದು ಬಿಸಿ ಕುಡಿದವರಿಗೆ ಮಾತ್ರ, ಆದ್ರೆ ಮೂಗಿನ ಗಾಳಿ ಅಳೆದು ನೋಡಿದ್ರೆ ಏನೂ ಬದಲಾಗಿರಲಿಲ್ಲ! ಬಿಟ್ಕೊಂಡ ಹಾಗೆ ಅನ್ಸಿದ್ದಷ್ಟೇ. ನನಗಂತೂ ರಾತ್ರಿ ನಿದ್ದೆ ಬರೋಕೆ ಅಷ್ಟು ಸಾಕು.

ಜೇಷ್ಠಮಧು ದಿನಾ ಜಾಸ್ತಿ ಹಾಕಿದ್ರೆ ಬಿಪಿ ಏರುತ್ತೆ, ಪೊಟ್ಯಾಸಿಯಂ ಇಳಿಯುತ್ತೆ, ಬಿಪಿ ಇರೋ ನಮ್ಮಮ್ಮನ ಲೋಟಕ್ಕೆ ನಾನು ಹಾಕಲ್ಲ. ಒಂದು ವರ್ಷ ತುಂಬದ ಮಗುಗೆ ಜೇನು ನೆಕ್ಕಿಸ್ಲೇಬೇಡಿ, ಬಾಟುಲಿಸಮ್ ಅನ್ನೋ, ನರಗಳಿಗೆ ವಿಷ ಏರೋ ಕಾಯಿಲೆಯ ಅಪಾಯ ಇದೆ. ಇನ್ನು ದಿಢೀರ್ ಅಂತ ಜೋರು ಜ್ವರ, ಮೈಕೈ ನೋವು ಬಂದ್ರೆ ಅದು ಫ್ಲೂ ಇರಬಹುದು, ಅದರ ಮಾತ್ರೆ ಮೊದಲ 48 ಗಂಟೆಯೊಳಗೆ ಶುರು ಮಾಡಿದ್ರೇನೇ ಚೆನ್ನಾಗಿ ಕೆಲಸ ಮಾಡೋದು, ವಯಸ್ಸಾದವರು, ಬಸುರಿಯರು, ಶುಗರ್ ಇರೋರು ಕಷಾಯ ಕುಡೀತಾ ಕಾಯೋದು ಬೇಡ.

ನನ್ನ ಲೆಕ್ಕ ಇಷ್ಟು: ಎರಡು ಲೋಟ ನೀರಿಗೆ ಜಜ್ಜಿದ ಒಣಶುಂಠಿ, ಎಂಟು ಮೆಣಸು, ತೆರೆದೇ ಕುದಿಸಿ ಒಂದೂವರೆಗೆ ಇಳಿಸೋದು, ಒಲೆ ಆರಿಸಿ ನಾಕು ದೊಡ್ಡಪತ್ರೆ, ಒಂದು ಚೂರು ಮಂಡ್ಯದ ಬೆಲ್ಲ. ಆಮೇಲೆ ತಟ್ಟೆ, ಐದು ನಿಮಿಷ.