ಗ್ಲೋ ಎಂಜಿನ್ ಕಳಚಿದ ಜಾಗದಲ್ಲಿ ಮೋಟಾರು

ರೇಡಿಯೋದಿಂದ ಹಾರಿಸುವ ಹಳೆಯ ಗ್ಲೋ ಮಾದರಿ ವಿಮಾನವನ್ನು, ಅಂದರೆ ಮೆಥನಾಲ್ ಇಂಧನದ ಪುಟ್ಟ ಎಂಜಿನ್ನಿನಿಂದ ಹಾರುವುದನ್ನು, ವಿದ್ಯುತ್ತಿಗೆ ಬದಲಿಸಬೇಕೆಂದು ನನ್ನ ಬಳಿ ತರುವವರು ಸಾಮಾನ್ಯವಾಗಿ ಮೊದಲು ಕೇಳುವುದು, ಈ ಫಾರ್ಟಿ ಸೈಜಿನ ಎಂಜಿನ್ನಿಗೆ ಸಮನಾದ ಮೋಟಾರು ಯಾವುದು ಎಂದು. ಈ ಪ್ರಶ್ನೆಯಿಂದ ಹೊರಟರೆ ಲೆಕ್ಕ ತಪ್ಪುತ್ತದೆ. ಎಂಜಿನ್ನಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಶ್ವಶಕ್ತಿ ಅದು ನಿಮಿಷಕ್ಕೆ 15–16 ಸಾವಿರ ಸುತ್ತು ತಿರುಗಿದಾಗ ಸಿಗುವಂಥದ್ದು. ಹತ್ತು ಅಂಗುಲದ ಪ್ರೊಪೆಲ್ಲರ್ ಹೊತ್ತು ಹಾರುವ ಎಂಜಿನ್ ಆ ವೇಗದ ಹತ್ತಿರವೂ ಹೋಗುವುದಿಲ್ಲ. ಆದ್ದರಿಂದ ವಿಮಾನದ ತೂಕ ಎಷ್ಟು, ಅದು ಹೇಗೆ ಹಾರಬೇಕು ಎಂಬ ಎರಡು ಪ್ರಶ್ನೆಗಳಿಂದಲೇ ಲೆಕ್ಕ ಶುರುವಾಗಬೇಕು.

ಫಾರ್ಟಿ ಸೈಜ್ ಎಂದರೆ 0.40 ಘನ ಅಂಗುಲ, ಸುಮಾರು 6.5 ಸಿಸಿ. ಇಂಥ ವಿಮಾನ ಸಾಮಾನ್ಯವಾಗಿ ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ. ಪ್ರತಿ ಕಿಲೋ ತೂಕಕ್ಕೆ 220 ವಾಟ್ ಇದ್ದರೆ ಸಮಾಧಾನದ ಹಾರಾಟಕ್ಕೆ ಸಾಕು. ಲೂಪು, ರೋಲು ಬೇಕೆನ್ನುವವರಿಗೆ 280 ವಾಟ್ ಇರಲಿ. ಅಲ್ಲಿಗೆ ಒಟ್ಟು 700 ವಾಟ್ ಆಯಿತು. ಭಾರ ಬಿದ್ದಾಗ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಂದು ಸೆಲ್ ಸುಮಾರು 3.5 ವೋಲ್ಟಿಗೆ ಇಳಿಯುವುದರಿಂದ ನಾಲ್ಕು ಸೆಲ್ಲಿನಲ್ಲಿ ಇಷ್ಟು ಶಕ್ತಿಗೆ 50 ಆಂಪಿಯರ್ ಬೇಕು, ಐದು ಸೆಲ್ಲಿನಲ್ಲಿ 40 ಸಾಕು. ನಾನು ಐದು ಸೆಲ್ಲನ್ನೇ ಆರಿಸುತ್ತೇನೆ, ಏಕೆಂದರೆ ಕರೆಂಟು ಕಡಿಮೆಯಾದಷ್ಟೂ ತಂತಿ, ಕನೆಕ್ಟರ್, ಸ್ಪೀಡ್ ಕಂಟ್ರೋಲರ್ ಎಲ್ಲವೂ ತಣ್ಣಗಿರುತ್ತವೆ. ಅದಕ್ಕೆ 600 ಕೆವಿ (ಭಾರವಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ 600 ಸುತ್ತು) ಆಸುಪಾಸಿನ ಮೋಟಾರು, 60 ಆಂಪಿಯರಿನ ಕಂಟ್ರೋಲರ್, 12x8 ಅಥವಾ 13x6.5 ಅಳತೆಯ (ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ, ಎರಡೂ ಅಂಗುಲದಲ್ಲಿ) ಎಲೆಕ್ಟ್ರಿಕ್ ಪ್ರೊಪೆಲ್ಲರ್ ಹೊಂದುತ್ತದೆ. ಪ್ರೊಪೆಲ್ಲರ್ ಮೊದಲಿಗಿಂತ ಎರಡು ಮೂರು ಅಂಗುಲ ದೊಡ್ಡದಾಗುವುದರಿಂದ ಅದರ ತುದಿ ನೆಲಕ್ಕೆ ತಾಗದಷ್ಟು ಎತ್ತರ ಚಕ್ರಗಳಿಗೆ ಇದೆಯೇ ಎಂದು ಕೊಳ್ಳುವ ಮೊದಲೇ ಅಳೆದು ನೋಡಿ.

ಗ್ಲೋ ಎಂಜಿನ್ನಿನಲ್ಲಿ ಪಳಗಿದವರು ಎಡವುವುದು ಪ್ರೊಪೆಲ್ಲರಿನ ವಿಷಯದಲ್ಲಿಯೇ. ಅಳತೆ ಮೀರಿದ ಪ್ರೊಪೆಲ್ಲರ್ ಹಾಕಿದರೆ ಎಂಜಿನ್ ಏದುಸಿರು ಬಿಟ್ಟು ವೇಗ ಇಳಿಸುತ್ತದೆ, ತನ್ನ ಕೈಲಾಗದು ಎಂಬುದನ್ನು ಸದ್ದಿನಲ್ಲೇ ತಿಳಿಸುತ್ತದೆ. ಮೋಟಾರು ಹಾಗಲ್ಲ. ವೋಲ್ಟೇಜಿಗೆ ತಕ್ಕ ವೇಗವನ್ನು ಕಾಯ್ದುಕೊಳ್ಳಲು ಅದು ಬ್ಯಾಟರಿಯಿಂದ ಕರೆಂಟನ್ನು ಎಳೆಯುತ್ತಲೇ ಹೋಗುತ್ತದೆ, ಸುರುಳಿಯ ವಾರ್ನಿಷ್ ಕಮರಿದ ವಾಸನೆ ಬರುವವರೆಗೂ ದೂರು ಹೇಳುವುದಿಲ್ಲ. ಅದೇ ವೇಗದಲ್ಲಿ ತಿರುಗಲು ಬೇಕಾದ ಶಕ್ತಿ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 12 ಅಂಗುಲದಿಂದ 13ಕ್ಕೆ ಹೋದರೆ, ಪಿಚ್ ಬದಲಾಗದಿದ್ದರೆ, ಸುಮಾರು ಶೇ. 38ರಷ್ಟು ಹೆಚ್ಚು. ಹಾಗಾಗಿ ಕರೆಂಟು, ವಾಟ್ ಎಷ್ಟೆಂದು ತೋರಿಸುವ ವಾಟ್‌ಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು ಎಂದು ನಾನು ಹಟ ಹಿಡಿಯುತ್ತೇನೆ.

ಇನ್ನು ಮರದ ವಿಚಾರ, ನನ್ನ ಸಮಯವನ್ನು ಹೆಚ್ಚು ತಿನ್ನುವುದು ಇದೇ. ಗ್ಲೋ ಇಂಧನದ ಮೆಥನಾಲ್ ಉರಿದುಹೋದರೂ ಅದರಲ್ಲಿ ಬೆರೆತ ಹರಳೆಣ್ಣೆ ಅಥವಾ ಸಿಂಥೆಟಿಕ್ ಎಣ್ಣೆ ಬಹುಪಾಲು ಹಾಗೆಯೇ ಹೊರಬಂದು, ವರ್ಷಗಟ್ಟಲೆ ಫೈರ್‌ವಾಲಿನ, ಅಂದರೆ ಮೂತಿಯಲ್ಲಿ ಎಂಜಿನ್ ಹೊರುವ ಅಡ್ಡಹಲಗೆಯ, ಪ್ಲೈವುಡ್ಡಿಗೂ ಅದರ ಹಿಂದಿನ ಹಗುರ ಬಾಲ್ಸಾ ಮರಕ್ಕೂ ಇಳಿದಿರುತ್ತದೆ. ಹಿಂದೊಮ್ಮೆ ನಾನು ಮೇಲ್ಮೈಯನ್ನು ಮಾತ್ರ ಉಜ್ಜಿ, ಮೋಟಾರನ್ನು ಕೂರಿಸುವ ಮರದ ಪೆಟ್ಟಿಗೆಯನ್ನು ಎಪಾಕ್ಸಿ ಅಂಟಿನಲ್ಲಿ ಅಂಟಿಸಿದ್ದೆ. ನೆಲದ ಮೇಲೆ ಪೂರ್ಣ ಥ್ರಾಟಲ್ ಕೊಟ್ಟಾಗ ಪೆಟ್ಟಿಗೆ ಇಡಿಯಾಗಿ ಕಿತ್ತು ಬಂತು. ಅಂಟಿನ ಹಿಂಬದಿ ಗಾಜಿನಂತೆ ನುಣುಪಾಗಿ ಹೊಳೆಯುತ್ತಿತ್ತು, ಮರದ ಒಂದು ಎಳೆಯೂ ಅದಕ್ಕೆ ಹತ್ತಿರಲಿಲ್ಲ. ಈಗ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಅದು ಪೂರ್ತಿ ಆರಿದ ಮೇಲೆ ಹೀಟ್ ಗನ್ನನ್ನು ಹದವಾಗಿ ಆಡಿಸುತ್ತೇನೆ. ಕಂದು ಬಣ್ಣದ ಮರದ ರಂಧ್ರಗಳಿಂದ ಎಣ್ಣೆ ಸಣ್ಣ ಮಣಿಗಳಾಗಿ ಜಿನುಗುತ್ತದೆ. ಮೇಲೆ ಕಾರ್ನ್‌ಫ್ಲೋರ್ ಉದುರಿಸಿದರೆ ಪುಡಿ ಹಳದಿ ತಿರುಗಿ ಅದನ್ನು ಹೀರುತ್ತದೆ. ಪುಡಿ ಬೆಳ್ಳಗೇ ಉಳಿಯುವವರೆಗೆ ಇದನ್ನು ಮತ್ತೆ ಮತ್ತೆ ಮಾಡಬೇಕು. ಅಷ್ಟಾದರೂ ಅಂಟನ್ನು ಮಾತ್ರ ನಂಬದೆ, ಮೋಟಾರಿನ ಆಧಾರವನ್ನು ಬೋಲ್ಟು ಮತ್ತು ಹಿಂದಿನಿಂದ ಕೂರಿಸಿದ, ಮರಕ್ಕೆ ಕಚ್ಚಿಕೊಳ್ಳುವ ಟಿ-ನಟ್‌ಗಳಿಂದ ಬಿಗಿಯುತ್ತೇನೆ. ಪ್ಲೈ ಪದರ ಪದರವಾಗಿ ಬಿಟ್ಟಿದ್ದರೆ ಫೈರ್‌ವಾಲನ್ನೇ ಹೊಸದಾಗಿ ಮಾಡುವುದು ಲೇಸು.

ಎಂಜಿನ್ ಕಳಚುವ ಮುನ್ನ ಫೈರ್‌ವಾಲಿನಿಂದ ಪ್ರೊಪೆಲ್ಲರ್ ಕೂರುವ ಜಾಗದವರೆಗಿನ ಅಂತರವನ್ನೂ, ಬಲಕ್ಕೆ ಮತ್ತು ಕೆಳಕ್ಕೆ ಇರುವ ಒಂದೆರಡು ಡಿಗ್ರಿ ಓರೆಯನ್ನೂ ಬರೆದಿಟ್ಟುಕೊಳ್ಳಿ. ಮೋಟಾರು ಅದೇ ಅಂತರದಲ್ಲಿ, ಅದೇ ಓರೆಯಲ್ಲಿ ಕೂರಬೇಕು.

ಸೈಲೆನ್ಸರ್ ಸೇರಿದ ಎಂಜಿನ್ ಅರ್ಧ ಕಿಲೋ ಹತ್ತಿರ ತೂಗಿದರೆ ಮೋಟಾರು 300 ಗ್ರಾಂ ದಾಟುವುದಿಲ್ಲ. ಹಗುರವಾದ ಮೂತಿಯನ್ನು ಟ್ಯಾಂಕಿನ ಜಾಗಕ್ಕೆ ಬರುವ ಬ್ಯಾಟರಿ ಸರಿದೂಗಿಸುತ್ತದೆ. ಇಂಧನ ಖಾಲಿಯಾದಂತೆ ಗುರುತ್ವಕೇಂದ್ರ ಹಿಂದಕ್ಕೆ ಸರಿಯುವ ತೊಂದರೆ ಇನ್ನಿಲ್ಲ. ಆದರೆ ಪ್ರತಿ ಹಾರಾಟಕ್ಕೂ ರೆಕ್ಕೆ ಬಿಚ್ಚಿ ಬ್ಯಾಟರಿ ಬದಲಿಸುವುದು ಆಗದ ಮಾತು, ಹಾಗಾಗಿ ಫೈರ್‌ವಾಲ್ ಮತ್ತು ರೆಕ್ಕೆಯ ನಡುವೆ ಮೇಲ್ಭಾಗವನ್ನು ಕತ್ತರಿಸಿ ಮುಚ್ಚಳ ಮಾಡಬೇಕಾಗುತ್ತದೆ. ಆ ಭಾಗ ಮೂತಿಯ ಭಾರವನ್ನು ಹೊರುವ ಜಾಗವಾದ್ದರಿಂದ, ಕತ್ತರಿಸುವ ಮೊದಲೇ ಎರಡೂ ಅಂಚಿಗೆ ಒಳಗಿನಿಂದ ಗಟ್ಟಿ ಮರದ ಪಟ್ಟಿ ಅಂಟಿಸಿರಬೇಕು. ಮೋಟಾರು, ಬ್ಯಾಟರಿ ತಣ್ಣಗಿರಲು ಗಾಳಿ ಒಳಬರುವ ಕಿಂಡಿಗಿಂತ ಹೊರಹೋಗುವ ಕಿಂಡಿ ದೊಡ್ಡದಿರಲಿ.

ನಿಂತ ಎಂಜಿನ್ ಯಾರಿಗೂ ಅಪಾಯ ಮಾಡದು. ಬ್ಯಾಟರಿ ಜೋಡಿಸಿದ ಮೋಟಾರು ಯಾವ ಕ್ಷಣದಲ್ಲಾದರೂ ತಿರುಗಬಹುದು. ಥ್ರಾಟಲ್ ಹೊಂದಿಸುವಾಗ, ತಿರುಗುವ ದಿಕ್ಕು ನೋಡುವಾಗ ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು. ಆಮೇಲೆ ಅದನ್ನು ಹಾಕಿ, ವಿಮಾನವನ್ನು ಬಿಗಿಯಾಗಿ ಕಟ್ಟಿ, ತುಂಬಿದ ಬ್ಯಾಟರಿಯೊಂದಿಗೆ ಕೆಲವೇ ಸೆಕೆಂಡು ಪೂರ್ಣ ಥ್ರಾಟಲ್ ಕೊಟ್ಟು ವಾಟ್‌ಮೀಟರ್ ಓದಿ. ಕರೆಂಟು ಮೋಟಾರಿನ ಅಥವಾ ಕಂಟ್ರೋಲರಿನ ಮಿತಿಗೆ ಹತ್ತಿರವಿದ್ದರೆ ಪ್ರೊಪೆಲ್ಲರನ್ನು ಒಂದು ಅಳತೆ ಕಿರಿದು ಮಾಡಿ.

ಮೊದಲ ಹಾರಾಟವನ್ನು 4 ನಿಮಿಷಕ್ಕೇ ಮುಗಿಸಿ, ಚಾರ್ಜರ್ ಎಷ್ಟು ತುಂಬಿತು ಎಂದು ನೋಡಿ. 4000 ಎಂಎಎಚ್ (ಮಿಲಿ ಆಂಪಿಯರ್-ಗಂಟೆ) ಬ್ಯಾಟರಿಗೆ 1600 ತುಂಬಿದ್ದರೆ ನಿಮಿಷಕ್ಕೆ 400 ಖರ್ಚಾಗಿದೆ, ಬಳಸಬಹುದಾದ ಶೇ. 80 ಅಂದರೆ 3200, ಅದು 8 ನಿಮಿಷಕ್ಕೆ ಸಾಕು. ಟೈಮರನ್ನು 7ಕ್ಕೆ ಇಡಿ. ಇಳಿಯುವಾಗ ಅಂದಾಜು ತಪ್ಪಿ ಇನ್ನೊಂದು ಸುತ್ತು ಹೋಗಬೇಕಾಗಿ ಬಂದರೆ ಉಳಿದ ಒಂದು ನಿಮಿಷ ಒದಗುತ್ತದೆ.