ಅಟ್ಟದ ಮೇಲಿನ ಎರಡು ಕೊಳಗ

ಸೊರಬದ ಕಡೆ ಹಳ್ಳಿಗೆ ಹೋದರೆ ಯಾರಾದರೂ ಒಬ್ಬರು ಜಗಲಿ ಮೇಲೆ ಕೂರಿಸಿ, ನೀರು ಬೆಲ್ಲ ಕೊಟ್ಟು, ನಿಧಾನಕ್ಕೆ ಶುರು ಮಾಡುತ್ತಾರೆ. "ಮೇಡಂ, ನಮ್ಮೂರಿಗೆ ಪಾಂಡವರು ಬಂದಿದ್ರಂತೆ. ನಿಮ್ಮ ಪುಸ್ತಕದಲ್ಲಿ ಅದೊಂದು ಬರ್ಲಿ." ಇನ್ನೊಬ್ಬರಿಗೆ ಅವರ ದೇವಸ್ಥಾನ ಎರಡು ಸಾವಿರ ವರ್ಷ ಹಳೆಯದು ಅಂತ ಆಗಬೇಕು. ಮತ್ತೊಬ್ಬರಿಗೆ ಮನೆತನದ ಮೂಲಪುರುಷ ಕೆಳದಿ ಸೈನ್ಯದಲ್ಲಿ ದಂಡನಾಯಕ ಆಗಿರಬೇಕು. ಸಿಪಾಯಿ ಆದರೆ ಸಾಲದು.

ಬೇರೆ ಜಿಲ್ಲೆಯವಳಾಗಿದ್ದರೆ ನಕ್ಕು, ನಮಸ್ಕಾರ ಹೇಳಿ ಬಸ್ ಹತ್ತಬಹುದಿತ್ತು. ನಾನು ಇಲ್ಲಿನವಳೇ. ಜಗಲಿಯ ಯಜಮಾನರು ನಮ್ಮಪ್ಪನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾಳೆ ಸೊರಬದ ಸಂತೆಯಲ್ಲಿ ಮತ್ತೆ ಸಿಗುತ್ತಾರೆ.

ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದೆ. ಭಾನುವಾರ ಮತ್ತು ರಜೆಗಳಲ್ಲಿ ಊರೂರು ತಿರುಗಿದೆ. ಈಗೀಗ ಎಂ.ಎ. ಮಾಡುವ ಹುಡುಗ ಹುಡುಗಿಯರು ಬಂದು, "ನಮ್ಮೂರ ಇತಿಹಾಸ ಬರೀಬೇಕು, ಎಲ್ಲಿಂದ ಶುರು ಮಾಡ್ಲಿ?" ಅಂತ ಕೇಳುತ್ತಾರೆ. ನಾನು ಓದುವಾಗ ಯಾರೂ ಹಾಗೆ ಕೇಳುತ್ತಿರಲಿಲ್ಲ. "ಊರಿನ ಕಥೆ ಬರೆದರೆ ಕೆಲಸ ಸಿಗುತ್ತಾ? ದೊಡ್ಡ ವಿಷಯ ಹಿಡಿ" ಅಂತ ನಮ್ಮ ಮೇಷ್ಟ್ರೊಬ್ಬರು ಹೇಳಿದ್ದರು. ದೊಡ್ಡ ವಿಷಯ ಅಂದರೆ ದೆಹಲಿ.

ನನ್ನನ್ನು ಊರಿನ ಕಡೆಗೆ ಎಳೆದದ್ದು ಒಂದು ದಪ್ಪ ಸಂಪುಟ. ಬಿ.ಎಲ್. ರೈಸ್ ಹೆಸರು ಕೇಳಿರುತ್ತೀರಿ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಹಳೆ ಮೈಸೂರು ಸೀಮೆಯ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ತಾಲ್ಲೂಕುವಾರು ಅಚ್ಚು ಹಾಕಿಸಿದರು. ಶಿಕಾರಿಪುರದ್ದು ಏಳನೇ ಸಂಪುಟ, 1902. ಸೊರಬ, ಸಾಗರದ್ದು ಎಂಟನೇದು, 1904. ಶಾಸನಗಳಿಗೆ ನಂಬರ್ ಇದೆ. ನಮ್ಮ ಮಂದಿ ಈಗಲೂ "ಶಿಕಾರಿಪುರ 102" ಅಂತಲೇ ಮಾತಾಡುವುದು, ಬಸ್ ನಂಬರ್ ಹೇಳಿದ ಹಾಗೆ. ಆ 102 ಅಂದರೆ ಬಳ್ಳಿಗಾವೆಯ ಕೋಡಿಯಮಠದ ಬಗ್ಗೆ ಹೇಳುವ 1162ರ ಶಾಸನ. ಅಲ್ಲಿ ವೇದ, ವ್ಯಾಕರಣ ಕಲಿಸುತ್ತಿದ್ದರು, ಬಡಬಗ್ಗರಿಗೆ ಊಟ ಹಾಕುತ್ತಿದ್ದರು, ರೋಗಿಗಳಿಗೆ ಔಷಧ ಕೊಡುತ್ತಿದ್ದರು ಅಂತ ಅದರಲ್ಲಿದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 102 ಅಲ್ಲ, 219. ಬಂದಳಿಕೆಯದು.

ಬಂದಳಿಕೆಗೆ ನಾನು ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಹೋಗಿದ್ದೆ. ಬುತ್ತಿ ಬಿಚ್ಚಿ ಊಟ ಮಾಡಿ, ಪಾಳುಬಿದ್ದ ಗುಡಿಗಳ ಮಧ್ಯೆ ಕಣ್ಣಾಮುಚ್ಚಾಲೆ ಆಡಿ ಬಂದಿದ್ದೆವು. ಆ ಜಾಗದಲ್ಲಿ ಜಕ್ಕಿಯಬ್ಬೆ ಅನ್ನುವ ಹೆಂಗಸೊಬ್ಬಳ ಕಥೆ ಕಲ್ಲಿನ ಮೇಲಿದೆ ಅಂತ ಯಾರೂ ಹೇಳಲಿಲ್ಲ. ಹತ್ತನೇ ಶತಮಾನದ ಆರಂಭ, ರಾಷ್ಟ್ರಕೂಟರ ಎರಡನೇ ಕೃಷ್ಣನ ಕಾಲ. ನಾಗರಖಂಡ ಎಪ್ಪತ್ತು ಅನ್ನುವ ನಾಡಿಗೆ ಇವಳ ಗಂಡ ನಾಳ್ಗಾವುಂಡ, ಅಂದರೆ ನಾಡಗೌಡ. ಅವನು ಸತ್ತ ಮೇಲೆ ಆ ಅಧಿಕಾರವನ್ನು ಇವಳಿಗೇ ಕೊಟ್ಟರು. ಚೆನ್ನಾಗಿ ನಡೆಸಿದಳು. ಆಮೇಲೆ ಕಾಯಿಲೆ ಬಿತ್ತು. ಮಗಳನ್ನು ಕರೆಸಿ ಇದ್ದದ್ದನ್ನೆಲ್ಲ ಒಪ್ಪಿಸಿದಳು. ಬಂದಳಿಕೆಯ ಬಸದಿಗೆ ಬಂದು ವ್ರತ ಹಿಡಿದು ಪ್ರಾಣ ಬಿಟ್ಟಳು.

ಅವಳು ಹೆಣ್ಣಾದರೂ ನಾಡನ್ನು ಸರಿಯಾಗಿ ಕಾಪಾಡಿದಳು ಅಂತ ಶಾಸನ ಹೊಗಳುತ್ತದೆ. ಸಾವಿರದ ನೂರು ವರ್ಷ ಆಯಿತು, ಆ 'ಆದರೂ' ಇನ್ನೂ ಹೋಗಿಲ್ಲ. ನಾನು ವಿಭಾಗದ ಮುಖ್ಯಸ್ಥೆ ಆದ ದಿನ ಸಹೋದ್ಯೋಗಿಯೊಬ್ಬರು ಮಾಡಿದ ಭಾಷಣದಲ್ಲೂ ಅದು ಇತ್ತು.

ಸರಿ, ಕೆಲಸ ಹೇಗೆ ಮಾಡುವುದು? ಮೊದಲು ಸಂಪುಟ ಹಿಡಿದುಕೊಂಡು ಕಲ್ಲನ್ನು ಹುಡುಕಬೇಕು. 'ಊರ ಮುಂದಿನ ಕಲ್ಲು' ಅಂತ ರೈಸ್ ಕಾಲದಲ್ಲಿ ಬರೆದಿರುತ್ತದೆ. ಈಗ ಊರೇ ಮುಂದಕ್ಕೆ ಬಂದಿರುತ್ತದೆ. ಒಂದು ವೀರಗಲ್ಲು ನನಗೆ ಸಿಕ್ಕಿದ್ದು ಕೆರೆ ಸೋಪಾನದಲ್ಲಿ, ಬಟ್ಟೆ ಒಗೆಯುವ ಕಲ್ಲಾಗಿ. ದನ ಹಿಂತರುವ ಜಗಳದಲ್ಲಿ ಸತ್ತವನದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಸೋಪು ಉಜ್ಜಿ ಉಜ್ಜಿ ಅಪ್ಸರೆಯರ ಮುಖ ನುಣ್ಣಗಾಗಿತ್ತು.

ಆಮೇಲೆ ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರವನ್ನು ಕಾಗದಕ್ಕೆ ಇಳಿಸುವುದು. ಇದನ್ನು ಒಮ್ಮೆ ಕೈಯಾರೆ ಮಾಡದೆ ಶಾಸನದ ಬಗ್ಗೆ ಬರೆಯಬೇಡಿ ಅಂತ ನಾನು ಹುಡುಗರಿಗೆ ಹೇಳುತ್ತೇನೆ. ತೆಂಗಿನ ನಾರಿನಿಂದ ಕಲ್ಲನ್ನು ಮೆತ್ತಗೆ ತೊಳೆಯಬೇಕು. ತಂತಿ ಬ್ರಷ್ ಮುಟ್ಟಲೇಬಾರದು. ಕಾಗದವನ್ನು ನೀರಿನಲ್ಲಿ ನೆನೆಸಿ ಕಲ್ಲಿನ ಮೇಲೆ ಹರಡಿ, ಬಿರುಸು ಕೂದಲಿನ ಬ್ರಷ್ಷಿನಿಂದ ಸಮನಾಗಿ ಬಡಿಯುತ್ತಾ ಬರಬೇಕು. ಕಾಗದ ಅಕ್ಷರದ ತೋಡಿನೊಳಗೆ ಇಳಿಯುತ್ತದೆ. ಅರ್ಧ ಒಣಗಿದ ಮೇಲೆ ಬಟ್ಟೆ ಉಂಡೆಗೆ ಮಸಿ ಹತ್ತಿಸಿ ಮೇಲಿಂದ ಮೇಲೆ ಒತ್ತಬೇಕು. ಉಬ್ಬಿದ ಜಾಗ ಕಪ್ಪಾಗುತ್ತದೆ, ತೋಡಿನ ಅಕ್ಷರ ಬೆಳ್ಳಗೆ ಎದ್ದು ನಿಲ್ಲುತ್ತದೆ. ಬರಿಗಣ್ಣಿಗೆ ಬರೀ ಗೀರು ಅನ್ನಿಸಿದ್ದು ಅಲ್ಲಿ ಒಬ್ಬ ಮನುಷ್ಯನ ಹೆಸರಾಗುತ್ತದೆ. ನಮ್ಮ ಮಳೆಗಾಲದಲ್ಲಿ ಇದು ಆಗದ ಮಾತು, ಕಾಗದ ಒಣಗುವುದೇ ಇಲ್ಲ. ಜನವರಿ, ಫೆಬ್ರುವರಿ ಒಳ್ಳೇದು. ಇಷ್ಟೆಲ್ಲ ಮಾಡುವಷ್ಟರಲ್ಲಿ ಸುತ್ತ ಹತ್ತು ಜನ ನಿಂತಿರುತ್ತಾರೆ. ಅವರಲ್ಲಿ ಒಬ್ಬರಾದರೂ ತಗ್ಗಿದ ದನಿಯಲ್ಲಿ, "ನಿಧಿ ಎಲ್ಲಿದೆ ಅಂತ ಬರೆದಿದೆಯಾ?" ಅಂತ ಕೇಳಿಯೇ ಕೇಳುತ್ತಾರೆ.

ತೇದಿ ಲೆಕ್ಕದಲ್ಲಿ ನಾನು ಮೊದಲ ಲೇಖನದಲ್ಲೇ ಎಡವಿದೆ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಶಕ ವರ್ಷ ಶುರುವಾಗುವುದು ಯುಗಾದಿಗೆ. ಮಾಘ, ಫಾಲ್ಗುಣ ಬರುವ ಹೊತ್ತಿಗೆ ಇಂಗ್ಲಿಷ್ ಕ್ಯಾಲೆಂಡರ್ ಬದಲಾಗಿರುತ್ತದೆ. ಅಲ್ಲಿ 79 ಕೂಡಿಸಬೇಕು. ನಾನು ಸುಮ್ನೆ 78 ಕೂಡಿಸಿ ಕಳಿಸಿದ್ದೆ. ಅಚ್ಚಾಗಿ ಬಂದ ಮೇಲೆ ನಿವೃತ್ತ ಶಾಲಾ ಮೇಷ್ಟ್ರೊಬ್ಬರು ಪೋಸ್ಟ್‌ಕಾರ್ಡ್ ಬರೆದರು. ಬೈಗುಳ ಇಲ್ಲ, ಬರೀ ಲೆಕ್ಕ. ಆಮೇಲಿಂದ ಸಂವತ್ಸರದ ಹೆಸರು ತಾಳೆಯಾಗುತ್ತಾ ಅಂತ ನೋಡದೆ ನಾನು ತೇದಿ ಬರೆದಿಲ್ಲ. ಪ್ರಭವ 1987ರಲ್ಲಿ ಬಂತು, ಅದಕ್ಕೂ ಮೊದಲು 1927ರಲ್ಲಿ. ಅರವತ್ತರ ಚಕ್ರ ಹಿಡಿದು ಹಿಂದೆ ಹಿಂದೆ ಹೋದರೆ ತಪ್ಪು ಸಿಕ್ಕಿಬೀಳುತ್ತದೆ.

ಇಷ್ಟು ಯಾರು ಬೇಕಾದರೂ ಕಲಿಯಬಹುದು. ಕಷ್ಟ ಬರುವುದು ಕಲ್ಲು ಮುಗಿದು ಕಾಗದ ಶುರುವಾದ ಮೇಲೆ. ಸಾವಿರ ವರ್ಷದ ಹಿಂದಿನ ನಾಡಗೌಡತಿಯ ಬಗ್ಗೆ ಏನು ಬರೆದರೂ ನಂಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಐವತ್ತು ವರ್ಷದ ಹಿಂದಿನ ಅಜ್ಜನ ಬಗ್ಗೆ ಬರೆದು ನೋಡಿ.

ನಮ್ಮದು ಗೇಣಿಗೆ ಜಮೀನು ಕೊಟ್ಟ ಮನೆ. ತೀರಾ ದೊಡ್ಡದಲ್ಲ, ಆದರೆ ಊರಲ್ಲಿ 'ದೊಡ್ಡಮನೆ' ಅನ್ನುತ್ತಿದ್ದರು. ನಾನು ಬೆಳೆದದ್ದು ಒಂದು ಕಥೆ ಕೇಳಿಕೊಂಡು. ಉಳುವವನೇ ಹೊಲದೊಡೆಯ ಅಂತ 1974ರಲ್ಲಿ ಕಾನೂನು ಬಂದಾಗ ನಮ್ಮಜ್ಜ ಗೇಣಿದಾರರನ್ನೆಲ್ಲ ಅಂಗಳಕ್ಕೆ ಕರೆಸಿ, ತಾನಾಗಿಯೇ ಜಮೀನು ಬಿಟ್ಟುಕೊಟ್ಟರಂತೆ. ಅಜ್ಜಿ ಇದನ್ನು ಹೇಳುವಾಗ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದಳು. ನಾನು ನಂಬಿದ್ದೆ.

ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರ ಸತ್ಯಾಗ್ರಹ ಶುರುವಾಯಿತು. ಗಣಪತಿಯಪ್ಪನವರು ಮುಂದೆ ನಿಂತರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರ ಬಂಧನವೂ ಆಯಿತು. ಅಲ್ಲಿ ಜಗಳದ ಒಂದು ಮೂಲ ಭತ್ತ ಅಳೆಯುವ ಕೊಳಗದ ಗಾತ್ರ. ಇದನ್ನೆಲ್ಲ ನಾನು ಇಪ್ಪತ್ತು ವರ್ಷ ತರಗತಿಯಲ್ಲಿ ಪಾಠ ಮಾಡಿದ್ದೇನೆ. ನಮ್ಮ ಮನೆಯಲ್ಲೂ ಒಂದು ಅಳತೆ ಇತ್ತಲ್ಲ ಅಂತ ಒಂದು ದಿನವೂ ಹೊಳೆಯಲಿಲ್ಲ. ಸ್ವಂತ ಊರಿನ ಇತಿಹಾಸ ಬರೆಯುವವರ ತೊಂದರೆ ಇದೇ ನೋಡಿ. ಬಾಗಿಲೆಲ್ಲ ತೆರೆದೇ ಇರುತ್ತದೆ, ಹಾಗಾಗಿ ಒಳಗೆ ಹೋಗಿ ನೋಡುವುದೇ ಇಲ್ಲ.

ಭೂ ನ್ಯಾಯಮಂಡಳಿಯ ಹಳೇ ಫೈಲುಗಳನ್ನು ನೋಡಲು ಅನುಮತಿ ಸಿಕ್ಕಿದ್ದು ನಾನು ನಿವೃತ್ತಿಯ ಹತ್ತಿರ ಇದ್ದಾಗ. ಬಟ್ಟೆ ಗಂಟು ಬಿಚ್ಚಿದರೆ ಧೂಳು, ಇಲಿ ಹಿಕ್ಕೆ, ಮತ್ತು ಏಳನೇ ನಂಬರ್ ಫಾರಂಗಳು. ಉಳುವ ಜಮೀನು ತಮ್ಮ ಹೆಸರಿಗೆ ಆಗಲಿ ಅಂತ ಗೇಣಿದಾರರು ಹಾಕಿದ ಅರ್ಜಿಗಳು; ನಮ್ಮ ಕಡೆ 'ಡಿಕ್ಲರೇಷನ್ ಹಾಕೋದು' ಅನ್ನುತ್ತಾರಲ್ಲ, ಅವು. ಮೂರನೇ ಗಂಟಿನಲ್ಲಿ ಅಜ್ಜನ ಹೆಸರು ಸಿಕ್ಕಿತು, ಎದುರುದಾರರ ಜಾಗದಲ್ಲಿ. ಬಿಟ್ಟುಕೊಟ್ಟಿರಲಿಲ್ಲ. ವಕೀಲರನ್ನಿಟ್ಟು ಆರು ವರ್ಷ ಕೇಸು ನಡೆಸಿದ್ದರು.

ಆದರೆ ಫೈಲನ್ನೂ ಪೂರ್ತಿ ನಂಬಬೇಡಿ. ಆ ಗಂಟಿನಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಹೇಳಿಕೆಗಳಲ್ಲಿ ಒಂದೇ ವಾಕ್ಯ, ಒಂದೇ ಕೈಬರಹ. ಕಚೇರಿ ಎದುರು ಕೂತು ಅರ್ಜಿ ಬರೆದುಕೊಡುವವರ ಭಾಷೆ ಅದು, ಹೆಬ್ಬೆಟ್ಟು ಒತ್ತಿದವರದಲ್ಲ. ಅವರು ಏನು ಹೇಳಿದ್ದರು ಅಂತ ತಿಳಿಯಬೇಕಾದರೆ ಅವರ ಮನೆಗೇ ಹೋಗಬೇಕು. ಹೆಚ್ಚಿನವರು ತೀರಿಕೊಂಡಿದ್ದರು. ನಮ್ಮ ಗದ್ದೆಯಲ್ಲಿ ಸಸಿ ನೆಟ್ಟ ಒಬ್ಬ ಅಜ್ಜಿ ಸಿಕ್ಕಳು. ಗುರುತು ಹಿಡಿದು ಚಾಪೆ ಹಾಸಿದಳು. ಮೊದಲ ಎರಡು ಸಲ ಹೋದಾಗ ಬರೀ ನಮ್ಮಜ್ಜಿಯ ಕೈರುಚಿ, ನಮ್ಮಪ್ಪನ ಮದುವೆ ಇಷ್ಟೇ ಮಾತು. ದೊಡ್ಡಮನೆಯ ಮೊಮ್ಮಗಳ ಎದುರು ಇನ್ನೇನು ಹೇಳಿಯಾಳು? ಬೇರೆ ಯಾರಾದರೂ ಹೋಗಿದ್ದರೆ ಮೊದಲ ದಿನವೇ ಹೇಳುತ್ತಿದ್ದಳೋ ಏನೋ. ಮೂರನೇ ಸಲ, ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅಂದಳು:

"ನಿಮ್ಮಜ್ಜ ಕೆಟ್ಟೋರಲ್ಲ ಅಮ್ಮಾ. ಮಳೆಗಾಲದಾಗೆ ಭತ್ತ ಇಲ್ಲ ಅಂದ್ರೆ ಇಲ್ಲ ಅಂತಿರ್ಲಿಲ್ಲ. ಕೊಡೋ ಕೊಳ್ಗ ಒಂದು, ತಗಳೋ ಕೊಳ್ಗ ಒಂದು, ಅಷ್ಟೇಯ."

ಅವತ್ತು ಸಂಜೆಯೇ ಊರ ಮನೆಗೆ ಹೋಗಿ ಅಟ್ಟ ಹತ್ತಿದೆ. ಎರಡು ಕೊಳಗ ಇವೆ ಅಂತ ನನಗೆ ಗೊತ್ತಿತ್ತು. ಚಿಕ್ಕವರಿದ್ದಾಗ ಅದರಲ್ಲಿ ಬೆಕ್ಕಿನ ಮರಿ ಇಟ್ಟು ಆಡಿದ್ದೆವು. ಮರದವು, ಬಾಯಿಗೆ ಕಬ್ಬಿಣದ ಪಟ್ಟಿ. ದೂರದಿಂದ ನೋಡಿದರೆ ಜೋಡಿ. ಚಿಕ್ಕಪ್ಪನ ಮನೆಯ ಸೇರು ತಂದು ಅಕ್ಕಿ ಅಳೆದು ಸುರಿದೆ. ಒಂದಕ್ಕೆ ಮೂರು ಸೇರು, ಬಾಯಿಗೆ ಸರಿಯಾಗಿ. ಇನ್ನೊಂದಕ್ಕೆ ಮೂರೂವರೆ ಹಾಕಿದರೂ ಬೆರಳು ಮುಳುಗುವಷ್ಟು ಜಾಗ ಉಳಿಯಿತು. ಮೂರು ಸಲ ಅಳೆದೆ. ಚಿಕ್ಕಪ್ಪ ಏಣಿಯ ಬುಡದಲ್ಲಿ ನಿಂತಿದ್ದರು. "ಒಂದು ಬೀಜದ ಭತ್ತಕ್ಕೆ ಇತ್ತು ಕಣೇ" ಅಂದರು. ಇರಬಹುದು. ಅದನ್ನೂ ಅವರ ಮಾತು ಅಂತಲೇ ಬರೆದುಕೊಂಡೆ.

ಪುಸ್ತಕದ ಆರನೇ ಅಧ್ಯಾಯದಲ್ಲಿ ಮೂರನ್ನೂ ಹಾಕಿದ್ದೇನೆ: ಅಜ್ಜಿ ಹೇಳುತ್ತಿದ್ದ ಕಥೆ, ಫೈಲಿನ ಹೇಳಿಕೆ, ಸೇರಿನ ಲೆಕ್ಕ. ಸಸಿ ನೆಟ್ಟ ಅಜ್ಜಿಯ ಹೆಸರು ಹಾಕಲಿಲ್ಲ, ಅವಳೇ ಬೇಡ ಅಂದಳು. ನಮ್ಮಜ್ಜನ ಹೆಸರು ಹಾಕಿದೆ. ಬೇರೆಯವರ ಅಜ್ಜಂದಿರ ಹೆಸರು ಹಾಕಿ ನಮ್ಮವರದು ಮಾತ್ರ ಬಿಡಲು ಆಗುತ್ತದಾ? ಪುಸ್ತಕ ಬಿಡುಗಡೆಗೆ ಮನೆಯಿಂದ ಯಾರೂ ಬರಲಿಲ್ಲ. ಚಿಕ್ಕಪ್ಪ ಎರಡು ವರ್ಷ ಮಾತು ಬಿಟ್ಟಿದ್ದರು. ಹೋದ ದೀಪಾವಳಿಗೆ ಅವರೇ ಫೋನ್ ಮಾಡಿ ಕರೆದರು. ಹೋದೆ. ಊಟ ಆದ ಮೇಲೆ ಯಾರಿಗೂ ಹೇಳದೆ ಅಟ್ಟ ಹತ್ತಿದೆ.

ಈಗ ಅಲ್ಲಿ ಒಂದೇ ಕೊಳಗ ಇದೆ. ಮೂರು ಸೇರಿನದು. ದೊಡ್ಡದು ಎಲ್ಲಿ ಹೋಯಿತು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದರ ಫೋಟೊ ನನ್ನ ಹತ್ತಿರ ಇದೆ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ತೆಗೆದದ್ದು.